ತುಂಡು ತುಂಡಾಗಿ ಉಳಿದ ಹೆದ್ದಾರಿ: ರೇವಸದಿಂದ ರೇಡಿಯವರೆಗೆ

ಮಹಾರಾಷ್ಟ್ರದ ರಸ್ತೆಗಳ ನಕಾಶೆಯನ್ನು ಎದುರಿಗೆ ಹರಡಿಕೊಂಡು ಕುಳಿತರೆ ಅರಬ್ಬೀ ಸಮುದ್ರದ ಅಂಚಿಗೆ ಅಂಟಿಕೊಂಡಂತೆ ಒಂದು ಗೆರೆ ಕಾಣಿಸುತ್ತದೆ. ಮುಂಬಯಿ ಬಂದರದ ಆಚೆ ದಡದಲ್ಲಿರುವ ರೇವಸದಿಂದ ಹೊರಟು ರಾಯಗಡ, ರತ್ನಾಗಿರಿ, ಸಿಂಧುದುರ್ಗ ಈ ಮೂರು ಜಿಲ್ಲೆಗಳನ್ನು ದಾಟಿ, ಗೋವೆಯ ಗಡಿಯಲ್ಲಿರುವ ರೇಡಿ ಎಂಬ ಊರನ್ನು ಅದು ಮುಟ್ಟುತ್ತದೆ. ಸುಮಾರು 500 ಕಿ.ಮೀ. ಉದ್ದದ ಈ ದಾರಿಗೆ ಪ್ರಮುಖ ರಾಜ್ಯ ಹೆದ್ದಾರಿ 4 ಎಂದು ಸರಕಾರಿ ಹೆಸರು. ಜನರ ಬಾಯಲ್ಲಿ ಅದು 'ಸಾಗರೀ ಮಹಾಮಾರ್ಗ'. ನಕಾಶೆಯಲ್ಲಿ ಗೆರೆ ಎಲ್ಲಿಯೂ ಕಡಿದಂತೆ ತೋರುವುದಿಲ್ಲ. ಆದರೆ ಆ ದಾರಿ ಹಿಡಿದು ಹೋದವರಿಗೆ ಗೊತ್ತು, ಅದು ಒಂದು ರಸ್ತೆಯಲ್ಲ, ಹಲವು ರಸ್ತೆಗಳ ತುಂಡುಗಳು ಎಂಬುದು. ಒಂದೊಂದು ತುಂಡೂ ಒಂದೊಂದು ಅಳಿವೆಯ ದಡಕ್ಕೆ ಬಂದು ನಿಂತುಬಿಡುತ್ತದೆ. ಎದುರು ದಡದಲ್ಲಿ ಮುಂದಿನ ತುಂಡು ಕಣ್ಣಿಗೆ ಕಾಣುತ್ತಿರುತ್ತದೆ. ನಡುವೆ ನೀರು.

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಮಹಾರಾಷ್ಟ್ರದ ಈ ರಸ್ತೆಯ ಕತೆ ಏತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಬಹಳ ಮಂದಿ ಇದೇ ಕರಾವಳಿಯ ದಕ್ಷಿಣದ ತುದಿಯಿಂದ ಬಂದವರು. ಕಾರವಾರ, ಕುಮಟೆ, ಹೊನ್ನಾವರ, ಕುಂದಾಪುರ, ಉಡುಪಿ, ಮಂಗಳೂರು — ಇವೆಲ್ಲ ಕೊಂಕಣದ ಮುಂದುವರಿಕೆಯೇ. ಪರಶುರಾಮನು ಕೊಡಲಿ ಎಸೆದು ಕಡಲನ್ನು ಹಿಂದಕ್ಕೆ ಸರಿಸಿದನೆಂಬ ಕತೆಯನ್ನು ಚಿಪಳೂಣದವರೂ ಹೇಳುತ್ತಾರೆ, ತುಳುನಾಡಿನವರೂ ಹೇಳುತ್ತಾರೆ. ಕಡಲನ್ನು ಸರಿಸಿದ ಆ ಮಹಾತ್ಮ ಅಳಿವೆಗಳನ್ನು ಮಾತ್ರ ಹಾಗೆಯೇ ಬಿಟ್ಟುಹೋದ. ಅವುಗಳನ್ನು ದಾಟುವ ಕಷ್ಟ ಎರಡು ನಾಡಿನವರಿಗೂ ಸಮಾನವಾಗಿ ಬಂತು.

ಈ ನೆಲದ ಸ್ವರೂಪವನ್ನು ಮೊದಲು ತಿಳಿದುಕೊಳ್ಳಬೇಕು. ಸಹ್ಯಾದ್ರಿಗೂ ಸಮುದ್ರಕ್ಕೂ ನಡುವಿನ ಪಟ್ಟಿ ಬಲು ಕಿರಿದು. ಘಟ್ಟದಲ್ಲಿ ಹುಟ್ಟಿದ ನದಿ ಸ್ವಲ್ಪವೇ ದೂರ ಹರಿದು ಕಡಲನ್ನು ಸೇರುತ್ತದೆ. ನಡುನಡುವೆ ಜಂಬಿಟ್ಟಿಗೆಯ ಗುಡ್ಡಗಳು ಕಡಲಿನವರೆಗೂ ಬೆರಳು ಚಾಚಿದಂತೆ ಬಂದಿವೆ. ಎರಡು ಬೆರಳುಗಳ ನಡುವಿನ ಕಣಿವೆಯೊಳಗೆ ಸಮುದ್ರವೇ ಹೊಕ್ಕಿದೆ. ಮರಾಠಿಗರು ಇದನ್ನು ಖಾಡಿ ಎನ್ನುತ್ತಾರೆ. ಉಬ್ಬರದ ನೀರು ಬಹು ದೂರ ಒಳನಾಡಿಗೆ ಏರುತ್ತದೆ. ಕಡಲ ಬಾಯಲ್ಲಿ ಅಗಲವಾಗಿರುವ ಖಾಡಿ ಒಳಗೆ ಹೋದಂತೆ ಸಪುರವಾಗುತ್ತದೆ. ಸೇತುವೆ ಕಟ್ಟುವವನು ಸಹಜವಾಗಿಯೇ ಸಪುರವಾದ ಜಾಗವನ್ನು ಹುಡುಕುತ್ತಾನೆ. ಆದ್ದರಿಂದ ಹಳೆಯ ಹೆದ್ದಾರಿ ಕಡಲ ತೀರವನ್ನು ಬಿಟ್ಟು ಒಳಗಡೆ ಸಾಗಿತು. ಸಾವಿತ್ರಿಯನ್ನು ಮಹಾಡದಲ್ಲಿ, ವಾಸಿಷ್ಠಿಯನ್ನು ಚಿಪಳೂಣದಲ್ಲಿ, ಶಾಸ್ತ್ರಿಯನ್ನು ಸಂಗಮೇಶ್ವರದ ಸುಮಾರಿನಲ್ಲಿ ಅದು ದಾಟಿತು. ಒಂದು ಕಾಲಕ್ಕೆ 17ನೇ ರಾಷ್ಟ್ರೀಯ ಹೆದ್ದಾರಿ ಎನಿಸಿ, ಈಗ 66 ಎಂಬ ಅಂಕಿ ಪಡೆದಿರುವುದು ಈ ದಾರಿಯೇ. ಅಳಿವೆಯ ಬಾಯಲ್ಲಿದ್ದ ಊರುಗಳು ಹೀಗೆ ಬದಿಗೆ ಬಿದ್ದುವು.

ಬದಿಗೆ ಬಿದ್ದುವು ಎಂದೆವು. ಆದರೆ ಅವು ಹುಟ್ಟಿನಿಂದ ಮೂಲೆಯ ಊರುಗಳಲ್ಲ. ಐಹೊಳೆಯ ಶಾಸನ ನಮ್ಮವರಿಗೆಲ್ಲ ಗೊತ್ತಿರುವಂಥದು. ಕ್ರಿ.ಶ. 634ರ ಆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವರ್ಣಿಸುವಾಗ, ಕೊಂಕಣದ ಮೌರ್ಯರ ರಾಜಧಾನಿಯಾದ ಪುರಿಯನ್ನು ಹಡಗುಗಳ ದಂಡಿನಿಂದ ಮುತ್ತಿದುದನ್ನು ಹೇಳುತ್ತಾನೆ. ಆ ಪುರಿ ಮುಂಬಯಿಯ ಹತ್ತಿರದ ಘಾರಾಪುರಿಯೆಂದು ಕೆಲವರೂ ಜಂಜೀರದ ಬಳಿಯ ರಾಜಪುರಿಯೆಂದು ಕೆಲವರೂ ವಾದಿಸುತ್ತಾರೆ. ಯಾವುದೇ ಆಗಲಿ, ಬಾದಾಮಿಯ ಅರಸನಿಗೆ ಈ ತೀರ ಬೇಕಾಗಿತ್ತು ಎಂಬುದು ಸ್ಪಷ್ಟ. ಮುಂದೆ ಬೀದರಿನ ಬಹಮನಿಗಳಿಗೂ ಬಿಜಾಪುರದ ಆದಿಲಶಾಹಿಗಳಿಗೂ ವಾಸಿಷ್ಠಿಯ ಅಳಿವೆಯಲ್ಲಿರುವ ದಾಭೋಳ ದೊಡ್ಡ ಬಂದರವಾಗಿತ್ತು. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನನು ಪರ್ಷಿಯಾದಿಂದ ಬಂದು 1453ರ ಸುಮಾರಿಗೆ ಇಳಿದದ್ದು ದಾಭೋಳದಲ್ಲಿ. ಅದೇ ಶತಮಾನದಲ್ಲಿ ಬೀದರನ್ನು ಕಂಡುಹೋದ ರಷ್ಯದ ವರ್ತಕ ನಿಕಿಟಿನ್ ತನ್ನ ನಾಡಿಗೆ ಹಡಗು ಹತ್ತಿದ್ದು ಅಲ್ಲಿಯೇ. 1508ರ ಡಿಸೆಂಬರಿನಲ್ಲಿ ಪೋರ್ತುಗೀಜ ವೈಸರಾಯ್ ಅಲ್ಮೇಡಾ ಈ ಪಟ್ಟಣವನ್ನು ಸುಟ್ಟು ಬೂದಿ ಮಾಡಿದ. ಸುಡಲು ಬರಬೇಕಾದರೆ ಅಲ್ಲಿ ಸಿರಿ ಇದ್ದಿರಲೇಬೇಕಷ್ಟೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಬಂದರಗಳ ದಾರಿಗಳೆಲ್ಲ ಪಡುವಣದಿಂದ ಮೂಡಣಕ್ಕೆ ಹೋಗುತ್ತಿದ್ದುವು. ಬಂದರದಲ್ಲಿ ಇಳಿದ ಕುದುರೆ, ಜವಳಿ ದೋಣಿಯಲ್ಲಿ ಖಾಡಿಯ ತುದಿಗೆ ಹೋಗಿ, ಅಲ್ಲಿಂದ ಎತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿದ್ದುವು. ಒಂದು ಬಂದರದಿಂದ ಪಕ್ಕದ ಬಂದರಕ್ಕೆ ನೆಲದ ಮೇಲೆ ಹೋಗುವ ಅಗತ್ಯ ಯಾರಿಗೂ ಬೀಳಲಿಲ್ಲ. ಪಕ್ಕದ ಊರಿಗೆ ಹೋಗಲು ಕಡಲೇ ಇತ್ತು. ನಮ್ಮ ಕಡೆಯೂ ಹೀಗೆಯೇ. ಧಾರವಾಡ, ಹುಬ್ಬಳ್ಳಿಯ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಧಾರವಾಡದ ಹತ್ತಿ ಎಂಬ ಹೆಸರಿಗಿಂತ ಕುಮಟೆಯ ಹತ್ತಿ ಎಂಬ ಹೆಸರೇ ಹೆಚ್ಚು ಬಳಕೆಯಾಯಿತು. ಮದರಾಸು ಇಲಾಖೆಯಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಮುಂಬಯಿಯ ಹತ್ತಿ ವ್ಯಾಪಾರಿಗಳ ಒತ್ತಾಯ ಇತ್ತು. ಕಾರವಾರದವರು ಮುಂಬಯಿಯ ಕಡೆ ಮುಖ ಮಾಡಲು ಅದೂ ಒಂದು ಕಾರಣವಾಯಿತು. ಒಟ್ಟಿನಲ್ಲಿ ಕರಾವಳಿಯುದ್ದಕ್ಕೂ ಉತ್ತರ-ದಕ್ಷಿಣವಾಗಿ ಸಾಗುವ ರಸ್ತೆ ಎಂಬುದು ಇತಿಹಾಸ ಎಂದೂ ಕೇಳದಿದ್ದ ರಸ್ತೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಗಬೋಟುಗಳು ಬಂದ ಮೇಲೆ ಆ ಅಗತ್ಯ ಇನ್ನಷ್ಟು ದೂರವಾಯಿತು. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ತೀರದ ಊರುಗಳನ್ನು ಒಂದೊಂದಾಗಿ ಮುಟ್ಟುತ್ತ ಸಾಗುತ್ತಿದ್ದುವು. ಹಡಗು ದಡಕ್ಕೆ ಬರುತ್ತಿರಲಿಲ್ಲ. ಆಳ ನೀರಿನಲ್ಲಿ ಲಂಗರು ಹಾಕಿ ಸಿಳ್ಳು ಊದುತ್ತಿತ್ತು. ಹೆಂಗಸರು, ಮಕ್ಕಳು, ಗಂಟುಮೂಟೆ, ಮಾವಿನ ಬುಟ್ಟಿ ಎಲ್ಲವೂ ಪಡಾವಿನಲ್ಲಿ ಹೋಗಿ ಹಡಗಿಗೆ ಏರಬೇಕು. ನಮ್ಮ ಹಿರಿಯರು ಕಾರವಾರದಲ್ಲಿ ಆಗಬೋಟು ಹತ್ತಿ ಮುಂಬಯಿಗೆ ಬಂದ ಕತೆಯನ್ನು ನಾವು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ವಾಂತಿಯ ಸಂಕಟವನ್ನೂ ಡೆಕ್ಕಿನ ಮೇಲೆ ಕಂಡ ನಕ್ಷತ್ರಗಳನ್ನೂ ಅವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆದರೆ ಈ ಹಡಗುಗಳ ಓಡಾಟಕ್ಕೆ ಒಂದು ಕಟ್ಟು ಇತ್ತು. ಮಳೆಗಾಲದಲ್ಲಿ ದೂರದ ಹಡಗುಗಳು ನಿಲ್ಲುತ್ತಿದ್ದುವು. ಮುಂಗಾರು ಹಿಡಿಯಿತೆಂದರೆ ತೀರದ ಊರುಗಳಿಗೆ ಮುಂಬಯಿ ತಿಂಗಳುಗಟ್ಟಲೆ ದೂರ. ಗಿರಣಿಗಳಲ್ಲಿ ದುಡಿಯುವ ಮಗನ ಮನಿಯಾರ್ಡರು ಬರಬಹುದು, ಮಗ ಬರುವಂತಿಲ್ಲ.

ಹಡಗಿನ ಮಾತು ಬಂದ ಮೇಲೆ 'ರಾಮದಾಸ'ನನ್ನು ಮರೆಯುವಂತಿಲ್ಲ. 1947ರ ಜುಲೈ 17, ಗುರುವಾರ. ಸ್ವಾತಂತ್ರ್ಯಕ್ಕೆ ತಿಂಗಳೂ ಉಳಿದಿರಲಿಲ್ಲ. ಆಷಾಢದ ಅಮಾವಾಸ್ಯೆಗೆಂದು ಊರಿಗೆ ಹೊರಟವರಿಂದ ತುಂಬಿದ್ದ 'ರಾಮದಾಸ' ಹಡಗು ಬೆಳಿಗ್ಗೆ ಭಾವೂಚ ಧಕ್ಕೆಯಿಂದ ರೇವಸಕ್ಕೆ ಹೊರಟಿತು. ಬಂದರದೊಳಗಿನ ದಾರಿಯಾದುದರಿಂದ ಮಳೆಗಾಲದಲ್ಲಿಯೂ ಈ ಓಡಾಟ ಇತ್ತು. ರೇವಸ ಇನ್ನೇನು ಹತ್ತಿರ ಎನ್ನುವಾಗ ಬಿರುಗಾಳಿ ಎದ್ದು ಹಡಗು ಒಂದು ಮಗ್ಗುಲಿಗೆ ವಾಲಿ ಮುಳುಗಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಮುಂಬಯಿಗೆ ಮೀನು ಒಯ್ಯುತ್ತಿದ್ದ ರೇವಸದ ಕಡೆಯ ಬೆಸ್ತರು ದೋಣಿ ತಿರುಗಿಸಿ ಕೈಗೆ ಸಿಕ್ಕವರನ್ನು ಎತ್ತಿಕೊಂಡರು. ಸಾಗರೀ ಮಹಾಮಾರ್ಗ ಇಂದು ಆರಂಭವಾಗುವುದು ಅದೇ ರೇವಸದಿಂದ. ಮುಂಬಯಿಗೂ ಕೊಂಕಣಕ್ಕೂ ಭದ್ರವಾದ ನೆಲದ ದಾರಿ ಬೇಕು ಎಂಬ ಮಾತಿನ ಹಿಂದೆ ಆ ಅಮಾವಾಸ್ಯೆಯ ನೆನಪೂ ಇದೆಯೆಂದು ಆ ಕಡೆಯ ಮುದುಕರ ಮಾತು ಕೇಳಿದಾಗ ತಿಳಿಯುತ್ತದೆ.

ಕರಾವಳಿಯ ಉದ್ದಕ್ಕೂ ಒಂದು ಹೆದ್ದಾರಿ ಎಂಬ ಯೋಚನೆಯನ್ನು ಮುಂದಿಟ್ಟವರು ಬ್ಯಾರಿಸ್ಟರ್ ಎ. ಆರ್. ಅಂತುಲೆಯವರು. 1980ರ ಜೂನಿನಿಂದ 1982ರ ಜನವರಿಯವರೆಗೆ ಅವರು ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದರು. ಸಾವಿತ್ರಿ ನದಿಯ ದಡದ ಆಂಬೇತ ಅವರ ಹುಟ್ಟೂರು. ಖಾಡಿಯ ಊರಿನ ಕಷ್ಟ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ರತ್ನಾಗಿರಿ ಜಿಲ್ಲೆಯನ್ನು ಒಡೆದು 1981ರ ಮೇ 1ರಂದು ಸಿಂಧುದುರ್ಗ ಜಿಲ್ಲೆಯನ್ನು ಮಾಡಿದ್ದೂ, ಕುಲಾಬಾ ಜಿಲ್ಲೆಗೆ ರಾಯಗಡ ಎಂದು ಹೆಸರಿಟ್ಟದ್ದೂ ಅವರ ಕಾಲದಲ್ಲಿಯೇ. ಅಧಿಕಾರ ಹೆಚ್ಚು ದಿನ ಉಳಿಯಲಿಲ್ಲ, ರಸ್ತೆಯ ಹೆಸರು ಉಳಿಯಿತು. ಹಳೆಯ ಹಳ್ಳಿ ರಸ್ತೆಗಳನ್ನೂ ತಾಲೂಕು ರಸ್ತೆಗಳನ್ನೂ ಒಂದಕ್ಕೊಂದು ಜೋಡಿಸಿ ಹೆದ್ದಾರಿಯ ಪಟ್ಟಿಗೆ ಸೇರಿಸುತ್ತ ಬಂದರು. ಗುಡ್ಡದ ಮೇಲಿನ ರಸ್ತೆಗೆ ಡಾಂಬರು ಹಾಕುವುದು ಒಂದು ಮಾತು, ಅಳಿವೆಯ ಬಾಯಿಗೆ ಸೇತುವೆ ಹಾಕುವುದು ಇನ್ನೊಂದು ಮಾತು. ಮೊದಲನೆಯದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಆಗುವಂಥದು. ಎರಡನೆಯದಕ್ಕೆ ಒಂದೇ ಸಲ ದೊಡ್ಡ ಮೊತ್ತ ಬೇಕು. ಆದ್ದರಿಂದ ರಸ್ತೆ ಆಯಿತು, ಸೇತುವೆ ಕಾಯಿತು.

ಉತ್ತರದಿಂದ ಹೊರಟವನಿಗೆ ಈ ತುಂಡುಗಳು ಹೀಗೆ ಎದುರಾಗುತ್ತವೆ. ರೇವಸದಿಂದ ಅಲೀಬಾಗ, ರೇವದಂಡಾ. ಕುಂಡಲಿಕೆಯ ಮೇಲೆ ಸಾಳಾವದಲ್ಲಿ ಸೇತುವೆ ಉಂಟು. ಮುರುಡ, ಸಿದ್ದಿಗಳ ಜಂಜೀರ ಕೋಟೆಯನ್ನು ನೋಡುತ್ತ ಆಗರದಾಂಡಾಕ್ಕೆ ಬಂದರೆ ರಾಜಪುರಿ ಖಾಡಿ ಅಡ್ಡ. ಆಚೆ ದಡ ದಿಘಿ. ಶ್ರೀವರ್ಧನ, ಹರಿಹರೇಶ್ವರ ದಾಟಿ ಬಾಗಮಾಂಡಲೆಗೆ ಬಂದರೆ ಸಾವಿತ್ರಿಯ ಅಳಿವೆ. ಆಚೆ ವೇಸ್ವಿ, ಬಾಣಕೋಟ. ಕೇಳಶಿ, ಆಂಜರ್ಲೆ, ಸಂಜೆ ಹೊತ್ತು ಮೀನಿನ ಹರಾಜಿನ ಗದ್ದಲವಿರುವ ಹರ್ಣೈ ಕಳೆದು ದಾಭೋಳಕ್ಕೆ ಬಂದರೆ ವಾಸಿಷ್ಠಿ. ಆಚೆ ಧೋಪಾವೆ. ಗುಹಾಗರ, ಹೆದವಿಗಳ ಮುಂದೆ ತವಸಾಳದಲ್ಲಿ ಶಾಸ್ತ್ರಿಯ ಅಳಿವೆ. ಆಚೆ ಜಯಗಡ. ಅಲ್ಲಿಂದ ಗಣಪತಿಪುಳೆ, ರತ್ನಾಗಿರಿ. ರತ್ನಾಗಿರಿಯ ದಕ್ಷಿಣಕ್ಕೆ ದೇವಗಡ, ಮಾಲವಣ, ವೆಂಗುರ್ಲೆಯ ಕಡೆ ಹಲವು ಅಳಿವೆಗಳಿಗೆ ಸೇತುವೆಗಳಾದುದರಿಂದ ಪ್ರಯಾಣ ಅಷ್ಟು ಕಠಿಣವಲ್ಲ. ಉತ್ತರದ ಈ ನಾಲ್ಕು ಅಳಿವೆಗಳೇ ರಸ್ತೆಯನ್ನು ಕಡಿದಿಟ್ಟ ಕತ್ತಿಗಳು.

ಇದರ ಪರಿಣಾಮ ಲೆಕ್ಕದಲ್ಲಿ ಹೇಳುವುದಾದರೆ, ದಾಭೋಳದಿಂದ ಧೋಪಾವೆಗೆ ನೀರಿನ ಮೇಲೆ ಹತ್ತು ಹದಿನೈದು ನಿಮಿಷದ ದಾರಿ. ನೆಲದ ಮೇಲೆ ಹೋಗಬೇಕಾದರೆ ದಾಪೋಲಿ, ಖೇಡ, ಚಿಪಳೂಣ ಸುತ್ತಿ ಗುಹಾಗರಕ್ಕೆ ಇಳಿಯಬೇಕು. ನೂರು ಕಿ.ಮೀ.ಗೂ ಮಿಕ್ಕ ಸುತ್ತು.

ಲೆಕ್ಕಕ್ಕೆ ಸಿಗದ ಮಾತೊಂದನ್ನು ನಮ್ಮ ಕಚೇರಿಯಿಂದ ಕೆಲವು ವರ್ಷಗಳ ಹಿಂದೆ ನಿವೃತ್ತರಾದ ಗುಹಾಗರದ ಕಡೆಯ ಹಿರಿಯರೊಬ್ಬರು ನಮಗೆ ಹೇಳಿದ್ದರು. ಅವರ ತಾಯಿಯ ತವರು ಖಾಡಿಯ ಆಚೆ ದಡದಲ್ಲಿ. ರಾತ್ರಿ ಹೊತ್ತು ಅಂಗಳದಲ್ಲಿ ನಿಂತರೆ ತವರಿನ ಕಡೆಯ ದೀಪಗಳು ಕಾಣುತ್ತಿದ್ದುವಂತೆ. ಅವರು ಶಾಲೆಯಲ್ಲಿದ್ದಾಗ, ಒಂದು ಶ್ರಾವಣದಲ್ಲಿ, ಸೋದರಮಾವ ತೀರಿಕೊಂಡ ಸುದ್ದಿ ಬಂತು. ಮಳೆಗೆ ನೀರು ಕೆಂಪಾಗಿ ಸೊಕ್ಕಿ ಹರಿಯುತ್ತಿತ್ತು. ದೋಣಿಯವನು ಕೈ ಮುಗಿದು ಆಗುವುದಿಲ್ಲವೆಂದ. ತಾಯಿ-ಮಗ ಚಿಪಳೂಣದ ಎಸ್.ಟಿ. ಹಿಡಿದು, ಬಸ್ಸು ಬದಲಿಸುತ್ತ ಬದಲಿಸುತ್ತ ಹೋಗಿ ಮುಟ್ಟಿದಾಗ ಮಾರನೆಯ ದಿನ ಮಧ್ಯಾಹ್ನ. ಎಲ್ಲವೂ ಮುಗಿದುಹೋಗಿತ್ತು. "ದೀಪ ಕಾಣುತ್ತಿತ್ತು ಸಾಹೇಬರೆ, ದಾರಿ ಇರಲಿಲ್ಲ" ಎಂದು ಆ ಹಿರಿಯರು ಕನ್ನಡಕ ಒರೆಸಿಕೊಂಡರು.

ಕೊಂಕಣ ರೈಲು ಬಂದಾಗ ಎಲ್ಲವೂ ಸರಿಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. 1998ರ ಜನವರಿ 26ರಿಂದ ಪೂರ್ತಿ ಮಾರ್ಗದಲ್ಲಿ ರೈಲು ಓಡಿತು. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಅದೊಂದು ವರವೇ ಸರಿ. ಆದರೆ ರೈಲಿನ ದಾರಿಯೂ ಹೆದ್ದಾರಿಯಂತೆ ಒಳನಾಡನ್ನೇ ಹಿಡಿಯಿತು. ಖೇಡ, ಚಿಪಳೂಣ, ಸಂಗಮೇಶ್ವರಗಳಿಗೆ ನಿಲ್ದಾಣ ಬಂತು. ಶ್ರೀವರ್ಧನಕ್ಕೆ, ಹರ್ಣೈಗೆ, ಗುಹಾಗರಕ್ಕೆ ಬರಲಿಲ್ಲ. ನಾವು ರಾತ್ರಿಯ ಗಾಡಿಯಲ್ಲಿ ಮಲಗಿ ಬೆಳಗಿಗೆ ಕಾರವಾರದಲ್ಲಿ ಕಣ್ಣು ಬಿಡುತ್ತೇವೆ. ನಡುವೆ ನಮ್ಮ ಬಲಗಡೆಗೆ ಕೆಲವೇ ಹರದಾರಿ ದೂರದಲ್ಲಿ ಒಂದು ಕರಾವಳಿಯೇ ಇದ್ದುದು ನಮಗೆ ತಿಳಿಯುವುದಿಲ್ಲ.

ಆ ತೀರಕ್ಕೆ ಒದಗಿದ್ದು ರೈಲಲ್ಲ, ಜಂಗಲ್. 2003ರಲ್ಲಿ ದಾಭೋಳ ಮತ್ತು ಧೋಪಾವೆಗಳ ನಡುವೆ ವಾಹನ ಒಯ್ಯುವ ಚಪ್ಪಟೆ ತಳದ ಯಂತ್ರದೋಣಿ ಆರಂಭವಾಯಿತು. ಮುಂದೆ ಉಳಿದ ಅಳಿವೆಗಳಲ್ಲಿಯೂ ಅಂಥ ದೋಣಿಗಳು ಬಂದುವು. ನಮ್ಮ ಊರಿನ ಕಡವುಗಳಲ್ಲಿ ಎರಡು ದೋಣಿ ಕೂಡಿಸಿ ಹಲಗೆ ಹಾಸಿ ಮೋಟಾರು ದಾಟಿಸುತ್ತಿದ್ದ ಜಂಗಲ್‌ನ ದೊಡ್ಡಣ್ಣನೆಂದರೆ ಸರಿ. ದಡಕ್ಕೆ ಮೂತಿ ತಾಗಿಸಿ ಕಬ್ಬಿಣದ ಬಾಗಿಲನ್ನು ಕೆಳಗಿಳಿಸುತ್ತದೆ. ಲಾರಿ, ಕಾರು, ಮೋಟಾರು ಸೈಕಲ್ಲು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಶಾಲೆಯ ಮಕ್ಕಳು ಎಲ್ಲರೂ ಒಳಗೆ. ಸೇತುವೆಗೆ ತಗಲುವ ಹಣದ ಒಂದಂಶದಲ್ಲಿ ರಸ್ತೆಯ ತುಂಡುಗಳು ಕೂಡಿದುವು, ಹಗಲಿನ ಮಟ್ಟಿಗೆ. ರಾತ್ರಿಯಾದ ಮೇಲೆ ದೋಣಿ ನಿಂತರೆ ಹೆದ್ದಾರಿ ಮತ್ತೆ ಕಡಿಯುತ್ತದೆ. ಹೆರಿಗೆ ನೋವು, ಹಾವಿನ ಕಡಿತ ಹೊತ್ತು ನೋಡಿ ಬರುವುದಿಲ್ಲ. ಸೇತುವೆ ಬೇಕು ಎಂದು ಆ ಜನ ಕೇಳುವುದು ವಿಹಾರಕ್ಕೆ ಬರುವವರ ಸಲುವಾಗಿಯಲ್ಲ.

ಬಾಣಕೋಟದ ಅಳಿವೆಯಲ್ಲಿ ಸೇತುವೆಯ ಕೆಲಸ ಆರಂಭವಾಗಿ, ಅರ್ಧಕ್ಕೆ ನಿಂತು, ಕಂಬಗಳು ವರ್ಷಗಟ್ಟಲೆ ನೀರಿನಲ್ಲಿ ಸುಮ್ಮನೆ ನಿಂತದ್ದನ್ನು ಆ ದಾರಿಯವರು ಕಂಡಿದ್ದಾರೆ. ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವು ಇಡೀ ಹೆದ್ದಾರಿಯ ಅಳಿವೆಗಳಿಗೆ ಸೇತುವೆ ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡಿದೆ. ಉರಣದ ಕಾರಂಜಾದಿಂದ ರೇವಸಕ್ಕೆ ಧರಮತರ ಖಾಡಿಯ ಮೇಲಿನ ಸುಮಾರು 2 ಕಿ.ಮೀ. ಸೇತುವೆ ಅವುಗಳಲ್ಲಿ ಒಂದು. ಶಿವಡಿಯಿಂದ ಕಡಲಿನ ಮೇಲೆ ಸಾಗುವ ಅಟಲ್ ಸೇತು 2024ರ ಜನವರಿಯಲ್ಲಿ ತೆರೆದುದರಿಂದ ಉರಣ ಈಗ ಮುಂಬಯಿಯ ಅಂಗಳವಾಗಿದೆ. ಅದಕ್ಕೆ ರೇವಸವೂ ಕೂಡಿದರೆ 'ರಾಮದಾಸ' ಮುಟ್ಟಲಾರದ ದಡವನ್ನು ಮುಂಬಯಿಯವರು ನೆಲದ ವಾಹನದಲ್ಲಿಯೇ ಮುಟ್ಟುವರು.

ಇಷ್ಟಾದರೂ ಒಂದು ಎಚ್ಚರದ ಮಾತು ಹೇಳಲೇಬೇಕು. ಸೇತುವೆ ಕಟ್ಟಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. 2016ರ ಆಗಸ್ಟ್ 2ರ ರಾತ್ರಿ ಮಹಾಡದಲ್ಲಿ ಸಾವಿತ್ರಿಯ ಮೇಲಿನ ಬ್ರಿಟಿಷರ ಕಾಲದ ಸೇತುವೆ ಮಹಾಪೂರಕ್ಕೆ ಕೊಚ್ಚಿಹೋಯಿತು. ಎರಡು ಎಸ್.ಟಿ. ಬಸ್ಸುಗಳೂ ಅದರೊಳಗಿದ್ದ ಜನರೂ ನೀರುಪಾಲಾದರು. ನಮ್ಮ ಕಾರವಾರದಲ್ಲಿ ಕಾಳಿ ನದಿಯ ಸೇತುವೆ 1980ರ ದಶಕದಲ್ಲಿ ಆದಾಗ ಕೋಡಿಬಾಗ, ಸದಾಶಿವಗಡದವರು ಕಡವಿನ ಕಷ್ಟ ಇನ್ನು ಮುಗಿಯಿತೆಂದು ನಿಟ್ಟುಸಿರು ಬಿಟ್ಟಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಆ ಸೇತುವೆಯೂ ಕುಸಿದು ಬಿತ್ತು. ಮೇಲಿದ್ದ ಲಾರಿಯ ಚಾಲಕ ಬದುಕಿ ಉಳಿದದ್ದು ದೈವಕೃಪೆ. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಹೆದ್ದಾರಿ ಪೂರ್ತಿ ಕಡಿಯಲಿಲ್ಲ. ಉಪ್ಪುನೀರು, ಉಬ್ಬರ, ಮುಂಗಾರಿನ ಪ್ರವಾಹ ಇವು ಮೂರೂ ಸೇರಿದ ಅಳಿವೆಯ ಬಾಯಲ್ಲಿ ಕಬ್ಬಿಣಕ್ಕೂ ಸಿಮೆಂಟಿಗೂ ಆಯುಸ್ಸು ಕಡಿಮೆ. ಕಟ್ಟುವ ಹಣದಂತೆ ಕಾಪಾಡುವ ಹಣವನ್ನೂ ಎತ್ತಿಡದ ಸೇತುವೆ ಜನರಿಗೆ ಮಾಡುವ ಮೋಸ.

ಇನ್ನೊಂದು ಮಾತು. ರಸ್ತೆ ಕೂಡಿದ ಕೂಡಲೆ ಮುಂಬಯಿಯ ಹಣ ಆ ತೀರಕ್ಕೆ ಧಾವಿಸುತ್ತದೆ. ಅಲೀಬಾಗದಲ್ಲಿ ಆದದ್ದನ್ನು ನಾವು ಕಂಡಿದ್ದೇವೆ. ತೆಂಗು, ಅಡಿಕೆಯ ವಾಡಿಗಳಿದ್ದಲ್ಲಿ ಬಂಗಲೆಗಳು ಎದ್ದುವು. ಹರ್ಣೈಯ ಬೆಸ್ತನ ಮಗ ಸೇತುವೆಯಿಂದ ಪೇಟೆಗೆ ಮೀನನ್ನು ಬೇಗ ಮುಟ್ಟಿಸುವನೋ ಅಥವಾ ದಂಡೆಯ ಜಾಗವನ್ನು ಮಾರಿ ಅದೇ ಸೇತುವೆ ದಾಟಿ ನಮ್ಮ ಚಾಳಿಗೆ ಬಾಡಿಗೆಗೆ ಬರುವನೋ ಎಂಬುದು ಮುಂದೆ ತಿಳಿಯುವಂಥದು. ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆ ಹೊಸದಲ್ಲ. ದಾರಿ ಎರಡೂ ಕಡೆಗೆ ಹರಿಯುತ್ತದೆ.

ಆ ಹಿರಿಯರ ಕತೆಯ ಉಳಿದ ಅರ್ಧವನ್ನು ಹೇಳಿ ಮುಗಿಸುತ್ತೇವೆ. ಯಂತ್ರದೋಣಿ ಆರಂಭವಾದ ಮೇಲೆ ಅವರು ರಜೆಯಲ್ಲಿ ಊರಿಗೆ ಹೋಗಿ, ಬಾಡಿಗೆಯ ಕಾರು ಮಾಡಿ ಮುದಿ ತಾಯಿಯನ್ನು ತವರಿಗೆ ಕರೆದೊಯ್ದರಂತೆ. ದೋಣಿಯೊಳಗೆ ಕಾರು ನಿಂತ ಮೇಲೆ ಆಕೆ ಒಳಗೆ ಕೂರಲು ಒಪ್ಪದೆ ಇಳಿದು ಬಂದು ಕಂಬಿ ಹಿಡಿದು ನಿಂತರು. ಆಚೆ ದಡ ಮುಟ್ಟಿದಾಗ ಮಗನನ್ನು ಕೇಳಿದ್ದು ಒಂದೇ ಮಾತು: "ಇಷ್ಟೇ ದೂರವೇನೋ?"

ಈ ಸಲ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಸಮಯವಿದ್ದವರು ಮಕ್ಕಳನ್ನು ಕರೆದುಕೊಂಡು ಒಂದು ಅಳಿವೆಯನ್ನಾದರೂ ದೋಣಿಯಲ್ಲಿ ದಾಟಿ ಹೋಗಿರಿ. ಸೇತುವೆಗಳಾದ ಮೇಲೆ ಆ ಅನುಭವ ಸಿಗುವುದಿಲ್ಲ. ನಮ್ಮ ಅಜ್ಜ ಅಜ್ಜಿಯರು ಈ ಊರಿಗೆ ಯಾವ ನೀರು ದಾಟಿ ಬಂದರು ಎಂಬುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.